ಅರ್ಧ ಕೆಡವಿದ ಆಸ್ಪತ್ರೆಯ ಮೆಟ್ಟಿಲು

ನಾನು ಒಂದು ಮರದ ಮೆಟ್ಟಿಲು. ಒಂದು ಎಂದೆನಾದರೂ ನಾನು ಒಂದೇ ಹಲಗೆಯಲ್ಲ. ಕೆಳಗಿನ ಪಡಸಾಲೆಯಿಂದ ಮೇಲಿನ ಮಹಡಿಗೆ ಏರುವ ಅಷ್ಟೂ ಹಲಗೆಗಳು, ನಡುವಿನ ತಿರುವಿನ ಅಗಲವಾದ ಚೌಕ, ಏರುವವರು ಹಿಡಿದುಕೊಳ್ಳುವ ಬಲಗಡೆಯ ಕೈಪಿಡಿ ಎಲ್ಲ ಸೇರಿ ನಾನು. ಹುಬ್ಬಳ್ಳಿಯ ಮಂದಿ ನನ್ನನ್ನು ಪಾವಟಿಗೆ ಎನ್ನುತ್ತಾರೆ. ನನಗೆ ಆ ಹೆಸರೇ ಇಷ್ಟ. ಮೆಟ್ಟಿಲು ಎಂದರೆ ಮೆಟ್ಟಿಸಿಕೊಳ್ಳುವುದು. ಪಾವಟಿಗೆ ಎಂದರೆ ಪಾದಕ್ಕೆ ಆಸರೆಯಾಗುವುದು ಎಂದು ನಾನೇ ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿದ್ದರೆ ಪಂಡಿತರು ಕ್ಷಮಿಸಲಿ.

ನಾನು ಮೊದಲು ದಾಂಡೇಲಿಯ ಕಾಡಿನಲ್ಲಿ ತೇಗದ ಮರವಾಗಿದ್ದೆ. ಕಡಿದವರು ನನ್ನನ್ನು ರೈಲಿಗೆ ಹೇರಿ ಹುಬ್ಬಳ್ಳಿಗೆ ತಂದರು. ದುರ್ಗದಬೈಲಿನ ಹಿಂದಿನ ಒಂದು ಓಣಿಯಲ್ಲಿ ಹಂಚಿನಮನಿ ಶಿವಲಿಂಗಪ್ಪ ಎಂಬ ಅರಳೆ ವ್ಯಾಪಾರಿ ದೊಡ್ಡ ಅಂಗಡಿ ಕಟ್ಟಿಸುತ್ತಿದ್ದ. ಮುಂದೆ ಕಲ್ಲಿನ ಕಮಾನು, ಒಳಗೆ ಎತ್ತರದ ಪಡಸಾಲೆ, ಮೇಲೆ ಹಂಚಿನ ಮಹಡಿ. ಬಡಗಿ ಕಾಳಪ್ಪ ನನ್ನನ್ನು ಕೊಯ್ದು ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟ. ಸಾವುಕಾರನಿಗೆ ತಾಳ್ಮೆ ಕೆಟ್ಟಿತು.

"ಏನ್ ಕಾಳಪ್ಪ, ನಾ ಸತ್ತ ಮ್ಯಾಲೆ ಏರಸ್ತಿ ಏನ ನನ್ನ ಮ್ಯಾಲಿನ ಮಹಡಿಗೆ?"

"ಅವಸರ ಮಾಡಬ್ಯಾಡ್ರಿ ಸಾವಕಾರ್ರ. ಹಸೀ ಕಟಗಿ, ಹೊಸಾ ಅಳಿಯ, ಎರಡನ್ನೂ ಒಂದ್ ಮಳಿಗಾಲ ಕಳಿಯೂತನಕ ನಂಬಬಾರದು" ಎಂದ ಕಾಳಪ್ಪ.

ಅವನು ಹೇಳಿದ್ದು ಅಳಿಯಂದಿರ ವಿಷಯದಲ್ಲಿ ಎಷ್ಟು ನಿಜವೋ ತಿಳಿಯದು, ನನ್ನ ವಿಷಯದಲ್ಲಿ ನಿಜವಾಯಿತು. ನನ್ನನ್ನು ಜೋಡಿಸಿದ ಮೇಲೆ ಒಂದು ಹಲಗೆಯೂ ಬಾಗಲಿಲ್ಲ.

ಅರಳೆಯ ಕಾಲ ನನಗೆ ಈಗ ಮಸುಕು ಮಸುಕು. ಗಾಳಿಯಲ್ಲಿ ಸದಾ ಬಿಳಿಯ ನೂಲೆಳೆ ತೇಲುತ್ತಿತ್ತು. ವ್ಯಾಪಾರಿಗಳು ನನ್ನ ಮೇಲೆ ಏರುವಾಗ ಎಲೆ ಅಡಿಕೆ ಉಗುಳುತ್ತಿದ್ದರು. ಅವರ ಮುಖಕ್ಕಿಂತ ಅವರ ಜೋಡುಗಳ ಅಟ್ಟೆಯೇ ನನಗೆ ಪರಿಚಯ. ಶಿವಲಿಂಗಪ್ಪ ಮುದುಕನಾದ, ಮಕ್ಕಳು ಬೇರೆಯಾದರು, ಅರಳೆಯ ಪೇಟೆ ಊರ ಹೊರಗೆ ಹೋಯಿತು. ಕಟ್ಟಡಕ್ಕೆ ಬೀಗ ಬಿತ್ತು. ಆ ಬೀಗ ತೆಗೆಸಿದವರು ಡಾಕ್ಟರ್ ವತ್ಸಲಾಬಾಯಿ ನಾಡಿಗೇರ.

ವತ್ಸಲಾಬಾಯಿ ಸಣ್ಣ ಆಳು, ದೊಡ್ಡ ದನಿ. ಕಟ್ಟಡವನ್ನು ಕೊಂಡು, ಸುಣ್ಣ ಹೊಡೆಸಿ, ಮೇಲಿನ ಮಹಡಿಯಲ್ಲಿ ಕಬ್ಬಿಣದ ಮಂಚಗಳನ್ನು ಹಾಕಿಸಿ ಹೆರಿಗೆ ಆಸ್ಪತ್ರೆ ತೆರೆದರು. ಬಸುರಿಯರನ್ನು ಮಹಡಿ ಹತ್ತಿಸುವ ಆಸ್ಪತ್ರೆ ಎಲ್ಲಾದರೂ ಉಂಟೇ ಎಂದು ಊರು ನಕ್ಕಿತು. ಕೆಳಗೆ ಓಣಿಯ ಧೂಳು, ಮೇಲೆ ಗಾಳಿ ಬೆಳಕು ಎಂದು ಅವರ ಲೆಕ್ಕ. "ನಾಲ್ಕು ಪಾವಟಗಿ ಏರಿದ್ರ ಕೂಸು ಲಗೂನ ಇಳೀತದ" ಎಂದು ಗದರಿಸುತ್ತಿದ್ದರು. ಹಾಗೆ ಗದರಿಸಿದರೂ ಬೀಗ ತೆಗೆಸಿದ ವಾರದಲ್ಲೇ ಬಡಗಿಯನ್ನು ಕರೆಸಿ ನನ್ನ ಕೈಪಿಡಿಯನ್ನು ಇನ್ನಷ್ಟು ಗಟ್ಟಿ ಮಾಡಿಸಿದರು.

ಮರುವರ್ಷ ಬೆಟಗೇರಿಯಿಂದ ಒಬ್ಬ ಹುಡುಗಿ ತಗಡಿನ ಟ್ರಂಕು ಹಿಡಿದು ಬಂದಳು. ಸಲೋಮಿ ಬೆಂಜಮಿನ್. ಆಗತಾನೆ ನರ್ಸಿಂಗ್ ಮುಗಿಸಿದ್ದಳು. ಬಿಳಿ ಸೀರೆ, ಬಿಗಿಯಾಗಿ ಹೆಣೆದ ಜಡೆ, ಕಾಲಲ್ಲಿ ರಬ್ಬರಿನ ಚಪ್ಪಲಿ. ಬಂದ ದಿನ ನನ್ನನ್ನು ಓಡುತ್ತ ಏರಿದಳು. ನಂತರದ ವರ್ಷಗಳಲ್ಲಿ ಎಷ್ಟು ಸಲ ಏರಿದಳೋ ಇಳಿದಳೋ ಯಾರು ಎಣಿಸಿದ್ದಾರೆ! ಅವಳು ಮದುವೆಯಾಗಲಿಲ್ಲ. ಒಂದು ಸಂಬಂಧ ಬಂದಿತ್ತು, ಗದಗಿನ ಶಾಲಾ ಮಾಸ್ತರ. ಅವನು ನೋಡಲು ಬಂದ ದಿನ ಮೇಲೆ ಒಂದು ಕಷ್ಟದ ಹೆರಿಗೆ ನಡೆದಿತ್ತು. ಮಾಸ್ತರ ನನ್ನ ಬುಡದಲ್ಲಿ ಕುಳಿತು ಕುಳಿತು, ಕಡೆಗೆ ಕೊಡೆ ಎತ್ತಿಕೊಂಡು ಹೋಗಿಬಿಟ್ಟ. ಸಲೋಮಿ ಕೆಳಗಿಳಿದು ಬಂದಾಗ ಅವನು ಕುಳಿತಿದ್ದ ಜಾಗವನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಮೇಲೆ ಹೋದಳು.

ಆ ಕಾಲದ ಒಂದು ಮಧ್ಯಾಹ್ನವನ್ನು ಹೇಳದಿದ್ದರೆ ನನ್ನ ಕತೆ ಪೂರ್ತಿಯಾಗದು.

ಖಾದರಸಾಬ ನದಾಫ ಎಂಬ ಬಸ್ ಕಂಡಕ್ಟರ್ ತನ್ನ ಹೆಂಡತಿ ಮಾಬೂಬಿಯನ್ನು ಟಾಂಗಾದಲ್ಲಿ ಕರೆತಂದ. ಡ್ಯೂಟಿಯ ನಡುವೆಯೇ ಓಡಿ ಬಂದಿದ್ದನೆಂದು ಕಾಣುತ್ತದೆ. ಖಾಕಿ ಬಟ್ಟೆ, ಹೆಗಲಿಗೆ ಟಿಕೆಟಿನ ಚೀಲ. ಮಾಬೂಬಿ ನನ್ನ ನಡುವಿನ ಚೌಕದವರೆಗೆ ಏರಿದಳು. ಅಲ್ಲಿ ಕೈಪಿಡಿಯನ್ನು ಹಿಡಿದು ನಿಂತವಳು ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಡಾಕ್ಟರು ಒಳಗೆ ಬೇರೊಬ್ಬಳಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಸಲೋಮಿ ಮೇಲಿನಿಂದ ಇಣುಕಿ ನೋಡಿದಳು. ನೋಡಿದ ಕೂಡಲೇ ತಿಳಿಯಿತು.

"ಏರಬ್ಯಾಡ್ರಿ ಅವ್ವಾ. ಅಲ್ಲೇ ಕುಂದರ್ರಿ. ಕಂಡಕ್ಟರ್ರ, ನೀವು ಕೆಳಗ ಇಳೀರಿ, ಆ ಕಡೆ ಮಾರಿ ಮಾಡ್ರಿ. ಒಬ್ಬರನೂ ಒಳಗ ಬಿಡಬ್ಯಾಡ್ರಿ."

ಖಾದರಸಾಬ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತ. ಯಾರೋ ಹಣ್ಣಿನ ಬುಟ್ಟಿ ಹಿಡಿದ ಮುದುಕಿ ಒಳಗೆ ಬರಲು ನೋಡಿದಳು. ಪಾಪ, ಅವನಿಗೆ ಗಾಬರಿಯಲ್ಲಿ ಬೇರೆ ಮಾತು ಹೊಳೆಯಲಿಲ್ಲ. "ಜಾಗಾ ಇಲ್ರಿ, ಹಿಂದಿನ ಗಾಡಿಗೆ ಬರ್ರಿ!" ಎಂದು ಕೂಗಿದ.

ಮಗು ಹುಟ್ಟಿತು, ಆದರೆ ಅಳಲಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ಸಲೋಮಿ ಅದನ್ನು ಬಿಡಿಸಿ, ಮಗುವನ್ನು ತಲೆಕೆಳಗಾಗಿ ಹಿಡಿದು, ಬೆನ್ನಿಗೆ ತಟ್ಟಿದಳು. ಮತ್ತೆ ತಟ್ಟಿದಳು. ಆಮೇಲೆ ಒಂದು ಸಣ್ಣ ಸೀನಿನಂಥ ಸದ್ದು, ಅದರ ಹಿಂದೆಯೇ ಓಣಿಯೆಲ್ಲ ಕೇಳುವಂಥ ಅಳು. ಬಾಗಿಲಲ್ಲಿ ಬೆನ್ನು ಹಾಕಿ ನಿಂತಿದ್ದ ಖಾದರಸಾಬನೂ ಅತ್ತ. ಕೈ ಒರೆಸಿಕೊಳ್ಳುತ್ತ ಹೊರಬಂದ ಡಾಕ್ಟರು ಚೌಕದ ಮೇಲಿನ ಆ ಸಂಸಾರವನ್ನು ನೋಡಿ, "ಸಲೋಮಿ, ನಾ ಬರೋದ್ರೊಳಗ ಎಲ್ಲಾ ಮುಗಿಸಿಟ್ಟೀಯಲ್ಲ. ಇನ್ನ ನನಗ ಫೀಸ್ ಯಾಕ?" ಎಂದರು. ಮಗುವಿಗೆ ಶಂಶಾದ್ ಎಂದು ಹೆಸರಿಟ್ಟರು.

ಕಾಲ ಯಾರನ್ನು ಕೇಳಿ ಸರಿಯುತ್ತದೆ? ಊರಲ್ಲಿ ಗಾಜಿನ ಬಾಗಿಲಿನ ಆಸ್ಪತ್ರೆಗಳು ಬಂದವು. ನನ್ನನ್ನು ಏರುವ ಬಸುರಿಯರು ಕಡಿಮೆಯಾದರು. ವತ್ಸಲಾಬಾಯಿಯವರ ದನಿಯೂ ಸಣ್ಣದಾಯಿತು. ಕಡೆಯ ದಿನಗಳಲ್ಲಿ ಸಲೋಮಿ ಅವರನ್ನು ಕೈಹಿಡಿದು ನನ್ನ ಮೇಲಿಂದ ಇಳಿಸುತ್ತಿದ್ದಳು. ಅವರು ಪ್ರತಿ ಹಲಗೆಯ ಮೇಲೂ ಎರಡೂ ಪಾದವನ್ನೂರಿ, ಉಸಿರು ತೆಗೆದುಕೊಂಡು ಇಳಿಯುತ್ತಿದ್ದರು. ತೀರಿಕೊಳ್ಳುವ ಮೊದಲು, ಕೆಳಗೆ ಹಿಂಬದಿಯ ಎರಡು ಕೋಣೆಗಳಲ್ಲಿ ಸಲೋಮಿ ಇರುವ ತನಕ ಇರಲಿ, ಅವಳನ್ನು ಯಾರೂ ಎಬ್ಬಿಸಕೂಡದು ಎಂದು ಬರೆದಿಟ್ಟರು. ಉಳಿದ ಕಟ್ಟಡ ಅವರ ಅಣ್ಣನ ಮಗನಿಗೆ ಹೋಯಿತು. ಅವನು ಬಂದು ನೋಡಿದ, ಮೂಗು ಮುಚ್ಚಿಕೊಂಡ, ಮಾರಿದ.

ಕೊಂಡವನು ರಾಜಶೇಖರ ಬೆಂಬಳಗಿ ಎಂಬ ಬಿಲ್ಡರ್. ನಮ್ಮ ಪಕ್ಕದ ಸೋಡಾ ಕಾರ್ಖಾನೆ, ಹಾರ್ಮೋನಿಯಂ ರಿಪೇರಿಯ ಅಂಗಡಿ, ಬಣ್ಣದ ಗಾಜಿನ ಕಿಟಕಿಗಳಿದ್ದ ವಕೀಲರ ಮನೆ, ಎಲ್ಲವನ್ನೂ ಅವನೇ ಕೊಂಡಿದ್ದ. ಅಲ್ಲಿ 'ಮೇಘಶಿಖರ' ಎಂಬ ಮುಗಿಲೆತ್ತರದ ಫ್ಲ್ಯಾಟುಗಳ ಕಟ್ಟಡ ಏಳಲಿತ್ತು. ಸುತ್ತಲೂ ತಗಡಿನ ಬೇಲಿ ಬಂತು. ಬೇಲಿಯ ಮೇಲೆ ಬಣ್ಣದ ಚಿತ್ರ: ಗೋಪುರದಂಥ ಕಟ್ಟಡ, ಅದರ ಮುಂದೆ ನಗುತ್ತಿರುವ ಅಪ್ಪ, ಅಮ್ಮ, ಒಂದು ಮಗು. ಊರ ನಡುವೆ, ಪೇಟೆಗೂ ಆಸ್ಪತ್ರೆಗೂ ಹತ್ತಿರ, ಲಿಫ್ಟ್ ಇರುವ ಮನೆ ಎಂದು ಜನ ಮುಗಿಬಿದ್ದು ದುಡ್ಡು ಕಟ್ಟಿ ಹೆಸರು ಬರೆಸಿದರು.

ನೆರೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ವಕೀಲರ ಮನೆಯ ಬಣ್ಣದ ಗಾಜು ಒಡೆದ ಸದ್ದು ಈಗಲೂ ನೆನಪಿದೆ. ಬಳೆಗಾರನ ಮಲಾರ ಕೆಳಗೆ ಬಿದ್ದಂತಿತ್ತು. ಅವು ಇದ್ದ ಜಾಗದಲ್ಲಿ ಆಳವಾದ ಹೊಂಡ ತೋಡಿದರು. ಆಮೇಲೆ ನಮ್ಮ ಸರದಿ. ಮೇಲಿನಿಂದ ಶುರು ಮಾಡಿದರು. ಹಂಚು ಹೋಯಿತು, ತೊಲೆಗಳು ಹೋದವು, ಹೆರಿಗೆಯ ಕೋಣೆಯ ಗೋಡೆಗಳು ಹೋದವು. ಹಿಂದಿನ ಕೋಣೆಯಲ್ಲಿದ್ದ ಸಲೋಮಿ ಪ್ರತಿ ಏಟಿಗೂ ಬೆಚ್ಚುತ್ತಿದ್ದಳು. ಕೆಲಸಗಾರರು ನನ್ನ ಬಳಿ ಬರುವ ಹೊತ್ತಿಗೆ ಕಾಲೇಜಿನ ಒಂದಿಬ್ಬರು ಅಧ್ಯಾಪಕರು ಕೋರ್ಟಿನ ತಡೆಯಾಜ್ಞೆ ತಂದರು. ಇದು ಹಳೆಯ ಕಟ್ಟಡ, ಊರಿನ ಆಸ್ತಿ, ತೀರ್ಮಾನವಾಗುವವರೆಗೆ ಕೈ ಹಚ್ಚಬಾರದು. ಹಾರೆ ಗುದ್ದಲಿ ನಿಂತವು.

ಹೀಗೆ ನಾನು ವಿಚಿತ್ರ ವಸ್ತುವಾದೆ. ಬುಡದಲ್ಲಿ ಪಡಸಾಲೆ, ನಡುವೆ ಚೌಕ, ಕೊನೆಯ ಹಲಗೆ ದಾಟಿದರೆ ಬಯಲು. ನನ್ನನ್ನು ಏರಿದವರಿಗೆ ಸೇರಲು ಜಾಗವೇ ಇರಲಿಲ್ಲ.

ಕೇಸು ಎಳೆಯಿತು. ಅಷ್ಟರಲ್ಲಿ ಬೆಂಬಳಗಿಯ ಪಾಲುದಾರ ಕೈಕೊಟ್ಟ, ಬ್ಯಾಂಕು ಸಾಲ ನಿಲ್ಲಿಸಿತು, ಕೆಲಸಗಾರರು ತಮ್ಮ ತಮ್ಮ ಊರಿಗೆ ಹೋದರು. ಹೊಂಡದಲ್ಲಿ ಮಳೆನೀರು ನಿಂತಿತು. ಕಪ್ಪೆಗಳು ಬಂದವು, ಅವುಗಳ ಹಿಂದೆ ಬೆಳ್ಳಕ್ಕಿಗಳು ಬಂದವು. ಬೇಲಿಯ ಚಿತ್ರದಲ್ಲಿ ಮೊದಲು ಅಪ್ಪನ ಮುಖ ಮಾಸಿತು, ಆಮೇಲೆ ಅಮ್ಮನದು. ಮಗುವಿನ ನಗು ಮಾತ್ರ ಬಹಳ ದಿನ ಉಳಿದಿತ್ತು.

ಮೊದಲ ಮಳೆಗೇ ನಾನು ನೆನೆದೆ. ಸಲೋಮಿಗೆ ಆಗಲೇ ಎಪ್ಪತ್ತರ ಹತ್ತಿರ. ಎಲ್ಲಿಂದಲೋ ಒಂದು ತಾಡಪತ್ರಿ ತಂದು ನನ್ನ ಮೇಲೆ ಹೊದಿಸಲು ಒದ್ದಾಡುತ್ತಿದ್ದಳು. ಗಾಳಿ ಅದನ್ನು ಕಿತ್ತು ಕಿತ್ತು ಹಾಕುತ್ತಿತ್ತು. ತಗಡಿನ ಬೇಲಿಯ ಸಂದಿಯಿಂದ ಒಬ್ಬ ಮುದುಕ ಒಳಬಂದ. ಬಿಳಿ ಗಡ್ಡ, ತಲೆಗೆ ಟೋಪಿ. ಏನೂ ಕೇಳದೆ ತಾಡಪತ್ರಿಯ ಇನ್ನೊಂದು ತುದಿ ಹಿಡಿದು ಕೈಪಿಡಿಗೆ ಬಿಗಿದ. ಕೆಲಸ ಮುಗಿದ ಮೇಲೆ ಸಲೋಮಿ ಕೇಳಿದಳು:

"ಯಾರ್ರಿ ನೀವು?"

"ಗುರುತು ಸಿಗಲಿಲ್ಲೇನ್ರಿ ಸಿಸ್ಟರ್? ನಾನ್ರಿ, ಇಲ್ಲೇ ಬಾಗಲದಾಗ ನಿಂತು ಮಂದೀಗೆ ಜಾಗಾ ಇಲ್ಲಂದಾಂವ."

ಸಲೋಮಿ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ನಕ್ಕಳು. ಆಸ್ಪತ್ರೆ ಮುಚ್ಚಿದ ಮೇಲೆ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ.

ಖಾದರಸಾಬ ನಿವೃತ್ತಿಯಾದಾಗ ಬಂದದ್ದನ್ನೆಲ್ಲ ಮೇಘಶಿಖರದಲ್ಲಿ ಹಾಕಿದ್ದ. ಮಾಬೂಬಿಗೆ ಮೊಣಕಾಲಿನ ನೋವು, ಲಿಫ್ಟ್ ಇರುವ ಮನೆ ಬೇಕಾಗಿತ್ತು. ಊರ ತುಂಬ ಫ್ಲ್ಯಾಟುಗಳಿದ್ದರೂ, "ಮಗಳು ಹುಟ್ಟಿದ ಜಾಗಾದಾಗ ಮನಿ ಮಾಡೂಣು" ಎಂದು ಅವಳೇ ಹಟ ಹಿಡಿದಿದ್ದಳಂತೆ. ಈಗ ಇಬ್ಬರೂ ಹಳೇ ಹುಬ್ಬಳ್ಳಿಯ ಒಂದು ಬಾಡಿಗೆಯ ಅಟ್ಟದಲ್ಲಿದ್ದರು. ಅವನು ವಾರಕ್ಕೊಮ್ಮೆ ಬಂದು ಹೊಂಡವನ್ನು ನೋಡಿಕೊಂಡು ಹೋಗುತ್ತಿದ್ದ. ಹೊಂಡದಲ್ಲಿ ನೋಡುವಂಥದು ಏನಿದೆ? ಆದರೂ ಬರುತ್ತಿದ್ದ.

ಅವನೊಬ್ಬನೇ ಅಲ್ಲ. ಹೆಸರು ಬರೆಸಿದ್ದ ಉಳಿದವರೂ ರವಿವಾರ ರವಿವಾರ ಬರತೊಡಗಿದರು. ಕುರ್ಚಿ ಇಲ್ಲ, ನೆರಳಿಲ್ಲ. ಇದ್ದದ್ದು ನಾನೊಬ್ಬನೇ. ತಾಡಪತ್ರಿ ಸರಿಸಿ ನನ್ನ ಮೇಲೆ ಸಾಲಾಗಿ ಕುಳಿತರು. ಕಾಲಿಟ್ಟು ಹೋಗುವವರನ್ನು ಮಾತ್ರ ಕಂಡಿದ್ದ ನನಗೆ ಜನ ಹೀಗೆ ಗಂಟೆಗಟ್ಟಲೆ ಕೂತದ್ದು ಹೊಸ ಅನುಭವ. ಕಿರಾಣಿ ಅಂಗಡಿಯವನು, ಗಣಿತದ ಮಾಸ್ತರರು, ಇಬ್ಬರು ಅಕ್ಕತಂಗಿಯರು, ಮತ್ತೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಅನ್ನಪೂರ್ಣಾ ಹೊಸಕೋಟಿ. ಅವಳ ಗಂಡ ತೀರಿಹೋಗಿದ್ದ. ಅತ್ತೆಯನ್ನೂ ತಮ್ಮನ ಓದನ್ನೂ ಒಬ್ಬಳೇ ನಡೆಸುತ್ತಿದ್ದಳು. ಎಲ್ಲರಿಗಿಂತ ಹೆಚ್ಚು ಸಿಟ್ಟು ಅವಳಿಗೇ. ಆ ಸಿಟ್ಟು ಬಿಲ್ಡರನಿಗಿಂತ ಹೆಚ್ಚಾಗಿ ನನ್ನ ಮೇಲೆ.

"ಈ ಹಳೇ ಕಟಗಿ ಉಳಸಾಕ ಹೋಗಿ ನಮ್ಮ ಬಾಳೇನ ಹಾಳ ಮಾಡಿದ್ರು. ಹೆರಿಗಿ ಆಸ್ಪತ್ರಿ ಅಂತ. ಊರಾಗ ಯಾವ ಗ್ವಾಡಿ ಹಳೇದಲ್ಲ? ಸತ್ತ ಗ್ವಾಡಿಗೆ ಕೋರ್ಟ್ ಐತಿ, ಜೀವಂತ ಮಂದಿಗಿಲ್ಲ!"

ಹೀಗೆಂದವಳು ಕೂತದ್ದು ನನ್ನ ಮೇಲೆಯೇ. ಅವಳಿಗೆ ಚಹಾ ತಂದುಕೊಟ್ಟವಳು ಸಲೋಮಿ.

ಒಂದು ಮಧ್ಯಾಹ್ನ ಬೆಂಬಳಗಿಯೂ ಬಂದ. ಮೊದಲೆಲ್ಲ ಬೂಟು ಹಾಕಿಕೊಂಡು ಬರುತ್ತಿದ್ದವನು; ಆ ದಿನ ಸಾದಾ ಚಪ್ಪಲಿ. ನನ್ನ ಕೆಳಗಿನ ಹಲಗೆಯ ಮೇಲೆ ಕುಳಿತು ಹೊಂಡದ ನೀರನ್ನು ನೋಡುತ್ತಿದ್ದ.

"ಸಿಸ್ಟರ್, ನಾ ಕಳ್ಳ ಅಲ್ರಿ" ಎಂದ.

"ಅದನ್ನ ನನಗ್ಯಾಕ ಹೇಳ್ತೀಪಾ? ರವಿವಾರ ಬಾ. ಅವರಿಗೆ ಹೇಳು."

"ಅವರ ಮಾರಿ ನೋಡಾಕ ಆಗೂದಿಲ್ರಿ."

ಅವಳು ಕೊಟ್ಟ ಚಹಾ ಕುಡಿದು, ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ. ರವಿವಾರ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಊರು ಬಿಟ್ಟನೆಂದು ಕೇಳಿದೆ.

ವರ್ಷಗಳು ಹೋದವು. ರವಿವಾರದ ಮಂದಿ ಬೈಯುವುದನ್ನು ನಿಧಾನವಾಗಿ ಕಡಿಮೆ ಮಾಡಿ ಮಾತಾಡುವುದನ್ನು ಹೆಚ್ಚು ಮಾಡಿದರು. ಮಾಸ್ತರರು ಅಕ್ಕತಂಗಿಯರ ಮನೆಯ ಮಗುವಿಗೆ ಲೆಕ್ಕ ಹೇಳಿಕೊಟ್ಟರು. ಕಿರಾಣಿಯವನ ಮಗಳ ಮದುವೆಗೆ ಎಲ್ಲರೂ ಒಟ್ಟಿಗೆ ಹೋದರು. ಆದರೆ ಒಂದು ಚಳಿಗಾಲದಲ್ಲಿ ಖಾದರಸಾಬ ಹಲವು ವಾರ ಬರಲಿಲ್ಲ. ಬಂದಾಗ ರವಿವಾರವಲ್ಲ, ಒಬ್ಬನೇ ಬಂದು ನನ್ನ ನಡುವಿನ ಚೌಕದ ಮೇಲೆ ಕುಳಿತ. ಸಲೋಮಿ ಹೊರಗೆ ಬಂದು ಅವನ ಮುಖ ನೋಡಿದಳು.

"ಮಾಬೂಬಿ?"

ಅವನು ತಲೆಯಾಡಿಸಿದ. "ಜ್ವರಾ ಬಂದಿತ್ರಿ. ಅಟ್ಟದಿಂದ ಇಳಸೂದ್ರಾಗ ಜೀವಾ ಹೋತ್ರಿ" ಎಂದ. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದ: "ಮಗಳು ಶಂಶಾದ್ ತನ್ನ ಮನೀಗೆ, ಇಳಕಲ್ಲಿಗೆ ಬಾ ಅಂತಾಳ್ರಿ. ನನ್ನ ಹೆಸರು ತಗದು ಹೋಗಿಬಿಡ್ತೇನಿ. ಇನ್ನ ಆ ಲಿಫ್ಟ್ ಯಾರಿಗೆ ಬೇಕ್ರಿ?"

ಸಲೋಮಿ ಸಮಾಧಾನದ ಮಾತು ಹೇಳಬಹುದೆಂದು ನಾನು ಕಾದೆ. ಎಷ್ಟೋ ತಾಯಂದಿರಿಗೆ, ಕೂಸನ್ನು ಕಳೆದುಕೊಂಡವರಿಗೂ, ಹೇಳಿದ್ದವಳು. ಅವಳು ಅವನ ಪಕ್ಕದಲ್ಲಿ ಕುಳಿತುಕೊಂಡಳು.

"ನನಗ ಗೊತ್ತಿಲ್ರಿ. ಆದ್ರ ನೀವು ಬರದಿದ್ದಕ್ಕ ಹೋದ ರವಿವಾರ ಅನ್ನಪೂರ್ಣಾ ಮತ್ತ ಮಾಸ್ತರು ಕೈ ಕೈ ಮಿಲಾಯಿಸೂದು ಒಂದ ಬಾಕಿ ಇತ್ತು. ನಡುವ ಕುಂದರಾಕ ಒಬ್ಬರು ಬೇಕಾಗೇತಿ."

ಖಾದರಸಾಬ ಅಳುತ್ತಲೇ ನಕ್ಕ. ಮುಂದಿನ ರವಿವಾರ ಬಂದು ನಡುವೆ ಕುಳಿತ.

ಆ ವರ್ಷದ ಮಳೆ ಬಿಡದೆ ಹೊಡೆಯಿತು. ಹೊಂಡದ ದಂಡೆ ಒಳಗೊಳಗೇ ಕರಗುತ್ತಿತ್ತು. ಒಂದು ಬೆಳಿಗ್ಗೆ ಬ್ಯಾಂಕಿಗೆ ಹೊರಟಿದ್ದ ಅನ್ನಪೂರ್ಣಾ ಓಣಿಯ ತುದಿಯಿಂದ ನೋಡಿದರೆ ತಗಡಿನ ಬೇಲಿ ಹೊಂಡದ ಕಡೆಗೆ ವಾಲುತ್ತಿದೆ. ಕೊಡೆಯನ್ನು ಅಲ್ಲೇ ಎಸೆದು ಓಡಿ ಬಂದಳು. ಸಲೋಮಿ ಅಡಿಗೆಯ ಕೋಣೆಯಲ್ಲಿದ್ದಳು.

"ಸಿಸ್ಟರ್, ಹೊರಗ ನಡೀರಿ! ಗ್ವಾಡಿ ಬೀಳಾಕತ್ತೇತಿ!"

"ತಡಿಯವ್ವಾ, ಒಲಿ ಮ್ಯಾಲೆ ಚಾ ಇಟ್ಟೇನಿ..."

"ಹಾಳಾಗ್ಲಿ ನಿಮ್ಮ ಚಾ!" ಎಂದು ಅನ್ನಪೂರ್ಣಾ ಅವಳನ್ನು ರಟ್ಟೆ ಹಿಡಿದು, ಹೆಚ್ಚುಕಡಿಮೆ ಎತ್ತಿಕೊಂಡೇ, ನನ್ನ ಮುಂದಿನಿಂದ ಓಣಿಗೆ ಎಳೆದೊಯ್ದಳು. ಅವರು ಆಚೆ ದಾಟಿದ್ದೇ ತಡ, ಕಲ್ಲಿನ ಕಮಾನು ಒಮ್ಮೆ ನಿಟ್ಟುಸಿರು ಬಿಟ್ಟಂತೆ ಮಾಡಿ ಹೊಂಡಕ್ಕೆ ಇಳಿಯಿತು. ಅದರ ಹಿಂದೆ ಪಡಸಾಲೆಯ ಮುಂದಿನ ಗೋಡೆ, ಅದರ ಹಿಂದೆ ಅಡಿಗೆಯ ಕೋಣೆ. ಅಷ್ಟು ಕಾಲ ಜೊತೆಗಿದ್ದ ಕಲ್ಲುಗಳು. ನನಗೆ ಆಸರೆಯಾಗಿದ್ದ ಒಂದು ಮೂಲೆಯ ಗೋಡೆಗಳೆರಡು ಮಾತ್ರ ನಿಂತವು, ಅವುಗಳನ್ನು ಹಿಡಿದುಕೊಂಡು ನಾನು.

ಓಣಿಯಲ್ಲಿ ಮಳೆಯೊಳಗೆ ಅನ್ನಪೂರ್ಣಾ ಸಲೋಮಿಯ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ. ನಿತ್ಯ ಬೀಳಲಿ ಎಂದು ಶಪಿಸಿದ ಕಟ್ಟಡ ಕಣ್ಣೆದುರು ಬಿದ್ದಿತ್ತು. ಅವಳ ಮುಖದಲ್ಲಿ ಸಂತೋಷವನ್ನು ಹುಡುಕಿದೆ, ಕಾಣಲಿಲ್ಲ. ಸಲೋಮಿಯನ್ನು ತನ್ನ ಬಾಡಿಗೆ ಮನೆಗೆ ಕರೆದುಕೊಂಡು ಹೋದಳು. ಮಳೆಗಾಲವೆಲ್ಲ ಸಲೋಮಿ ಅಲ್ಲೇ ಇದ್ದಳು. ಅನ್ನಪೂರ್ಣಾಳ ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ತಲೆ ಬಾಚಿ, ಮತ್ತೆ ಹಳೆಯ ಸಿಸ್ಟರಾದಳು.

ಉಳಿಸಲು ಏನೂ ಉಳಿದಿರಲಿಲ್ಲವಾದ್ದರಿಂದ ಕೇಸು ಮುಗಿಯಿತು. ಹೆಸರು ಬರೆಸಿದ್ದವರೇ ಒಂದು ಸಂಘ ಮಾಡಿಕೊಂಡು, ಬೆಂಬಳಗಿ ಬಿಟ್ಟುಹೋದ ಜಾಗವನ್ನು ಕೋರ್ಟಿನಿಂದ ಪಡೆದು, ಗೋಪುರದ ಆಸೆ ಬಿಟ್ಟು, ತಮ್ಮ ಕೈಲಾದಷ್ಟು ಎತ್ತರದ ಸಣ್ಣ ಕಟ್ಟಡ ಕಟ್ಟಲು ಅನುಮತಿ ಪಡೆದರು. ಬಾಕಿ ಇದ್ದದ್ದು ಒಂದೇ: ಆ ಜಾಗದಲ್ಲಿ ಸಲೋಮಿಗೆ ಇದ್ದ ಹಕ್ಕು. ಅವಳು ಬಿಟ್ಟುಕೊಡದಿದ್ದರೆ ಮತ್ತೆ ವರ್ಷಗಟ್ಟಲೆ ಕಾಯಬೇಕು. ಒಂದು ರವಿವಾರ ಎಲ್ಲರೂ ನನ್ನ ಮೇಲೆ ಸೇರಿದರು. ಯಾರಿಗೂ ಬಾಯಿ ಬಿಟ್ಟು ಕೇಳುವ ಧೈರ್ಯವಿಲ್ಲ. ಸಲೋಮಿಯೇ ಕನ್ನಡಕ ಹಾಕಿಕೊಂಡಳು.

"ಎಲ್ಲಿ ಸಹಿ ಮಾಡ್ಲಿ?"

"ನಿಮಗೇನು ಬೇಕು ಹೇಳ್ರಿ ಸಿಸ್ಟರ್" ಎಂದರು ಮಾಸ್ತರರು.

"ಏನೂ ಬ್ಯಾಡ. ನೀವೆಲ್ಲಾ ಮುದುಕರಾಗೂದ್ರೊಳಗ ಮನಿ ಹೊಕ್ಕೊಳ್ರಿ."

ಆಗ ಅನ್ನಪೂರ್ಣಾ ಎದ್ದು ನಿಂತಳು. "ಸಿಸ್ಟರ್‌ಗೆ ಕೆಳಗಿನ ಮಹಡ್ಯಾಗ ಒಂದ್ ಮನಿ. ಇದು ಚರ್ಚಾ ಮಾಡೂ ಮಾತಲ್ಲ." ಯಾರೂ ಚರ್ಚೆ ಮಾಡಲಿಲ್ಲ.

ಖಾದರಸಾಬ ಕೆಮ್ಮಿದ. "ಇನ್ನೊಂದ್ ಐತ್ರಿ. ಈ ಪಾವಟಗಿ ಇಟ್ಕೊಳೂಣು."

"ಯಾಕ?" ಅನ್ನಪೂರ್ಣಾ ಅವನ ಕಡೆ ತಿರುಗಿದಳು. "ಇಷ್ಟು ವರ್ಷ ಇದರ ಮ್ಯಾಲೆ ಕುಂತು ಅತ್ತೇವಿ, ಬಡದಾಡೇವಿ. ಹೊಸಾ ಮನ್ಯಾಗೂ ಇದ ಕಣ್ಣಿಗೆ ಬೀಳಬೇಕೇನು? ನನಗ ಇದನ್ನ ನೋಡೂದ ಬ್ಯಾಡ."

"ನನಗೂ ಇಲ್ಲಿ ಅತ್ತ ನೆನಪು ಐತವ್ವಾ. ಆದ್ರ ಇದು ಇರದಿದ್ರ ನಾವು ಒಬ್ಬರಿಗೊಬ್ಬರು ಹೆಸರರೆ ಕೇಳ್ತಿದ್ವೇನು? ತಿಂಗಳಿಗೊಮ್ಮೆ ಕೋರ್ಟಿನಾಗ ಮಾರಿ ನೋಡಿ ಹೋಗ್ತಿದ್ವಿ. ನಾ ಅಂತೂ ಇಳಕಲ್ಲಿಗೆ ಹೋಗಿಬಿಡ್ತಿದ್ದೆ."

ಕೈ ಎತ್ತಿಸಿದರು. ಇಡುವುದು ಬೇಡವೆಂದವರಿಗಿಂತ ಬೇಕೆಂದವರು ತುಸು ಹೆಚ್ಚಿದ್ದರು, ಅಷ್ಟೆ. ಅನ್ನಪೂರ್ಣಾ ಕೈ ಎತ್ತಲಿಲ್ಲ. ಸಲೋಮಿಯೂ ಎತ್ತಲಿಲ್ಲ, ಅವಳು ಅನ್ನಪೂರ್ಣಾಳ ಪಕ್ಕದಲ್ಲೇ ಕುಳಿತಿದ್ದಳು.

ಇರ್ಫಾನ ಎಂಬ ಬಡಗಿ ನನ್ನನ್ನು ಬಿಚ್ಚಿದ. ನೀರು ಕುಡಿದು ಕೊಳೆತ ಹಲಗೆಗಳನ್ನು ಬೇರೆ ಮಾಡಿ ಒಲೆಗೆ ಕೊಟ್ಟ. ಉಳಿದವುಗಳಿಗೆ ಅಗಸೆ ಎಣ್ಣೆ ಕುಡಿಸಿ, ಹೊಸ ಕಟ್ಟಡದ ಕೆಳಗಿನ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಹೊಂದಿಸಿ ನಿಲ್ಲಿಸಿದ. ನಾನು ಮೊದಲಿಗಿಂತ ಗಿಡ್ಡ. ಕೆಲವು ಹೆಜ್ಜೆ ಏರಿದರೆ ಸುಣ್ಣದ ಗೋಡೆಗೆ ಮೂಗು ತಾಗುತ್ತದೆ. ಎದುರಿಗೇ ಲಿಫ್ಟ್. ಕೇಸು ಹಾಕಿದ್ದ ಅಧ್ಯಾಪಕರಲ್ಲಿ ಒಬ್ಬರು ನೋಡಲು ಬಂದು, "ಇದು ಉಳಿಸಿದ್ದಲ್ಲ, ಅಲಂಕಾರಕ್ಕೆ ಇಟ್ಟದ್ದು" ಎಂದು ಬೇಸರದಿಂದ ಹೇಳಿದರು. ಅವರ ಮಾತು ಸುಳ್ಳಲ್ಲ. ಕಮಾನು ಹೋಯಿತು, ಹೆರಿಗೆಯ ಕೋಣೆ ಹೋಯಿತು, ಬಣ್ಣದ ಗಾಜಿನ ಕಿಟಕಿ ಹೋಯಿತು. ಅವೆಲ್ಲ ಸೇರಿ ಒಂದು ಓಣಿಯಾಗಿತ್ತು. ನಾನೊಬ್ಬನೇ ನಿಂತು ಅದನ್ನು ತೋರಿಸಲಾರೆ. ಕಾದು ಕಾದು ಹೆಸರು ತೆಗೆಸಿ ಹೋದವರೂ ಇದ್ದಾರೆ, ಮನೆ ಕಾಣದೆ ಕಣ್ಣು ಮುಚ್ಚಿದವರೂ ಇದ್ದಾರೆ. ಅವರ ಲೆಕ್ಕವನ್ನು ಯಾವ ಕೋರ್ಟು ಚುಕ್ತಾ ಮಾಡಿತು?

ಹಳೆಯದು ಉಳಿಯಬೇಕೆಂದವರೂ ಹೊಸದು ಏಳಬೇಕೆಂದವರೂ ಬಹಳ ಕಾಲ ನನ್ನನ್ನು ನಡುವೆ ಇಟ್ಟುಕೊಂಡು ಜಗಳವಾಡಿದರು. ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ. ನಾನು ಕಂಡದ್ದಿಷ್ಟು: ಮನೆ ಕಟ್ಟುವ ಮೊದಲೇ ನೆರೆಹೊರೆ ಕಟ್ಟಿಯಾಗಿತ್ತು. ಅದಕ್ಕೆ ಅಡಿಪಾಯ ತೋಡಿದವರು ಯಾರೂ ಇಲ್ಲ.

ಈಗ ಸಂಜೆಯ ಹೊತ್ತು ಸಲೋಮಿ ಮತ್ತು ಖಾದರಸಾಬ ನನ್ನ ಮೇಲೆ ಕುಳಿತು ಸೊಪ್ಪು ಸೋಸುತ್ತಾರೆ, ಯಾರ ಗಾಡಿ ಯಾರ ಜಾಗದಲ್ಲಿ ನಿಂತಿದೆ ಎಂದು ಮಾತಾಡುತ್ತಾರೆ. ಅನ್ನಪೂರ್ಣಾ ಬ್ಯಾಂಕಿನಿಂದ ಬಂದವಳು ನನ್ನ ಕಡೆ ನೋಡದೆ ನೇರವಾಗಿ ಲಿಫ್ಟಿಗೆ ಹೋಗುತ್ತಿದ್ದಳು. ಹೊಸ ಮನೆಗೆ ಬಂದಾಗಿನಿಂದಲೂ ಹಾಗೆಯೇ.

ಮೊನ್ನೆ ಲಿಫ್ಟು ಕೆಳಗೇ ಇತ್ತು, ಬಾಗಿಲು ತೆರೆದೇ ಇತ್ತು. ಅವಳು ಅದರ ಮುಂದೆ ಬಂದು ನಿಂತಳು. ಒಳಗೆ ಹೋಗಲಿಲ್ಲ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕೈಚೀಲವನ್ನು ನೆಲದ ಮೇಲಿಟ್ಟು, ಚಪ್ಪಲಿ ಕಳಚಿ, ದಣಿದ ಕಾಲುಗಳನ್ನು ಎಳೆದುಕೊಂಡು ಈ ಕಡೆ ಬಂದಳು.

"ಸಿಸ್ಟರ್, ಚೂರು ಆ ಕಡೆ ಸರೀರಿ" ಎಂದಳು.

ಸಲೋಮಿ ಸೊಪ್ಪಿನ ತಾಟನ್ನು ಮಡಿಲಿಗೆ ಎತ್ತಿಕೊಂಡು ಸರಿದಳು.